ತಲೆಗೆ ಆರು ಸಾವಿರ ಕೋಟಿ: ‘ಟ್ರೈಗನ್’ ನೋಡುಗರ ಜಗಳ ಏನು, ಯಾಕೆ?

ಜನವರಿಯಲ್ಲಿ ಮನೆಗೆ ಬಂದಿದ್ದ ಅಕ್ಕನ ಮಗ, ತಟ್ಟೆಯಲ್ಲಿ ಅನ್ನ ಆರುತ್ತಿದ್ದರೂ ಫೋನು ಬಿಡದೆ ಯಾರ ಜೊತೆಗೋ ಜಗಳಕ್ಕೆ ಬಿದ್ದಿದ್ದ. ಏನೋ ಅದು ಎಂದು ಕೇಳಿದರೆ, “ಮಿಲಿ ವಾಪಸ್ ಬಂದಿದ್ದಾಳೆ ಮಾಮ, ಅದಕ್ಕೂ ತಕರಾರು ತೆಗೀತಾರೆ” ಅಂದ. ಮಿಲಿ ಇವನ ಕ್ಲಾಸಿನ ಹುಡುಗಿ ಇರಬೇಕು ಅಂದುಕೊಂಡು ಅಕ್ಕ ಅಡುಗೆಮನೆಯಿಂದ ಇಣುಕಿದಳು. ಮಿಲಿ ಜಪಾನಿನ ಕಾರ್ಟೂನೊಂದರಲ್ಲಿ ಬರುವ ವಿಮಾ ಕಂಪನಿಯ ನೌಕರಳು.

ಆ ಕಾರ್ಟೂನಿನ ಹೆಸರು ‘ಟ್ರೈಗನ್’. 2026ರ ಜನವರಿಯಲ್ಲಿ ಅದರ ಹೊಸ ಭಾಗ ‘ಟ್ರೈಗನ್ ಸ್ಟಾರ್‌ಗೇಜ್’ ಶುರುವಾದಾಗಿನಿಂದ ಹಳೆಯ ವಾದಗಳೆಲ್ಲ ಮತ್ತೆ ಎದ್ದು ಕೂತಿವೆ. ಇಪ್ಪತ್ತು ವರ್ಷದ ಹಿಂದೆ ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದ ಸಿ.ಡಿ.ಗಳಲ್ಲಿ ನಾನು ನೋಡಿದ ಟ್ರೈಗನ್ ಒಂದು, ಅವನು 2023ರಲ್ಲಿ ನೋಡಿದ್ದು ಇನ್ನೊಂದು. ಹೆಸರು ಅದೇ, ನಾಯಕನೂ ಅವನೇ. ಆದರೂ ನಾವಿಬ್ಬರೂ ಮಾತಾಡಿಕೊಳ್ಳುವಾಗ ಬೇರೆ ಬೇರೆ ಕಥೆ ಹೇಳುತ್ತಿದ್ದೇವೇನೋ ಅನ್ನಿಸುತ್ತದೆ. ಅದು ಯಾಕೆ ಎಂದು ಬಿಡಿಸಿ ಹೇಳುವುದಷ್ಟೇ ಈ ಲೇಖನದ ಕೆಲಸ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಕಥೆಯ ಮುಖ್ಯ ತಿರುವುಗಳು ಇಲ್ಲಿ ಬಯಲಾಗುತ್ತವೆ. ಯಾರು ಸಾಯುತ್ತಾರೆ ಅನ್ನುವುದೂ ಸೇರಿ.

ಮೊದಲು ಒಂದಿಷ್ಟು ಪದಗಳು

ಮಾಂಗಾ ಅಂದರೆ ಜಪಾನಿನ ಚಿತ್ರಕಥೆ. ಮಂಗನಿಗೂ ಮಾವಿನಕಾಯಿಗೂ ಸಂಬಂಧವಿಲ್ಲ. ನಮ್ಮಲ್ಲಿ ವಾರಪತ್ರಿಕೆಗಳಲ್ಲಿ ಧಾರಾವಾಹಿ ಬರುತ್ತಿದ್ದ ಹಾಗೆ ಅಲ್ಲಿ ಮಾಂಗಾ ಮೊದಲು ಪತ್ರಿಕೆಯಲ್ಲಿ ಕಂತುಕಂತಾಗಿ ಬರುತ್ತದೆ, ಆಮೇಲೆ ಸಂಪುಟವಾಗುತ್ತದೆ. ಪುಟ ತಿರುಗಿಸುವುದೂ ಚೌಕಟ್ಟುಗಳನ್ನು ಓದುವುದೂ ಬಲದಿಂದ ಎಡಕ್ಕೆ. ಹೆಚ್ಚಿನವು ಕಪ್ಪು ಬಿಳುಪು. ಸಾಮಾನ್ಯವಾಗಿ ಒಬ್ಬ ಕಲಾವಿದನೇ ಕಥೆ ಬರೆದು ಚಿತ್ರವನ್ನೂ ಬಿಡಿಸುತ್ತಾನೆ, ಹಿನ್ನೆಲೆಯ ಗೋಡೆ, ಗುಡ್ಡಗಳಿಗೆ ಸಹಾಯಕರು ಇರುತ್ತಾರೆ.

ಆನಿಮೆ ಅಂದರೆ ಜಪಾನಿನ ಆನಿಮೇಶನ್. ಎಷ್ಟೋ ಆನಿಮೆಗಳಿಗೆ ಮೂಲ ಒಂದು ಮಾಂಗಾ. ಕಾದಂಬರಿಗೂ ಸಿನಿಮಾಕ್ಕೂ ಇರುವ ನಂಟೇ ಇಲ್ಲಿಯೂ ಇದೆ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ: ಕಾದಂಬರಿ ಮುಗಿದ ಮೇಲೆ ಸಿನಿಮಾ ಆಗುತ್ತದೆ, ಮಾಂಗಾ ಇನ್ನೂ ಬರೆಯುತ್ತಿರುವಾಗಲೇ ಆನಿಮೆ ಆಗಿಬಿಡುತ್ತದೆ. ಮುಂದೆ ಬರುವ ಅರ್ಧ ಜಗಳಕ್ಕೆ ಕಾರಣ ಇದೇ.

ವೆಸ್ಟರ್ನ್ ಅಂದರೆ ಅಮೆರಿಕದ ಪಶ್ಚಿಮದ ಬರಡು ಬಯಲಿನ ಕಥೆ. ಒಂಟಿ ಸವಾರ, ಸೊಂಟದಲ್ಲಿ ರಿವಾಲ್ವರ್, ಧೂಳಿನ ಊರು, ಕಾನೂನು ಕೈಗೆ ಸಿಗದ ಜಾಗ, ತಲೆಗೆ ಬೆಲೆ ಕಟ್ಟಿಸಿಕೊಂಡ ಡಕಾಯಿತ. ಇದು ನಮಗೆ ಹೊಸದೇನಲ್ಲ. ರಾಮನಗರದ ಬಂಡೆಗಳ ನಡುವೆ ತೆಗೆದು 1975ರಲ್ಲಿ ತೆರೆಗೆ ಬಂದ ‘ಶೋಲೆ’ ಇದೇ ಗೋತ್ರದ್ದು. ಜಪಾನಿಗೂ ವೆಸ್ಟರ್ನ್‌ಗೂ ಇರುವ ಕೊಡುಕೊಳೆ ಇನ್ನೂ ಹಳೆಯದು. ಅಕಿರಾ ಕುರೊಸಾವಾ 1961ರಲ್ಲಿ ತೆಗೆದ ಸಮುರಾಯಿ ಚಿತ್ರವೊಂದಕ್ಕೆ 1964ರಲ್ಲಿ ಇಟಲಿಯ ಸೆರ್ಜಿಯೊ ಲಿಯೋನೆ ಹೇಳದೆ ಕೇಳದೆ ಕೌಬಾಯ್ ವೇಷ ತೊಡಿಸಿದರು, ವಿಷಯ ಕೋರ್ಟಿನವರೆಗೂ ಹೋಯಿತು. ಹೀಗೆ ಜಪಾನಿನ ಕತ್ತಿ ಇಟಲಿಯವರ ಕೈಯಲ್ಲಿ ಪಿಸ್ತೂಲಾಯಿತು, ಆ ಪಿಸ್ತೂಲು ಮತ್ತೆ ಜಪಾನಿಗೆ ಬಂದು ಮಾಂಗಾ ಆಯಿತು.

ಇನ್ನು ವೈಜ್ಞಾನಿಕ ವೆಸ್ಟರ್ನ್ ಅಂದರೆ ಅದೇ ಧೂಳು, ಅದೇ ರಿವಾಲ್ವರ್, ಆದರೆ ಗ್ರಹ ಬೇರೆ. ಟ್ರೈಗನ್ ಆನಿಮೆ ಬಂದ 1998ರಲ್ಲೇ ಜಪಾನಿನ ಟಿ.ವಿ.ಯಲ್ಲಿ ‘ಕೌಬಾಯ್ ಬಿಬಾಪ್’, ‘ಔಟ್‌ಲಾ ಸ್ಟಾರ್’ ಕೂಡ ಬಂದವು. ಒಂದೇ ವರ್ಷ, ಮೂರು ಬಾಹ್ಯಾಕಾಶ ಕೌಬಾಯ್‌ಗಳು. ನೋಡುಗರು ಇವತ್ತಿಗೂ ಒಂದರ ಹೆಸರು ಎತ್ತಿದರೆ ಇನ್ನೊಂದನ್ನು ಎಳೆದು ತರುವುದು ಅದಕ್ಕೇ.

ಕಥೆ ಇಷ್ಟು

ಭೂಮಿ ಬಿಟ್ಟು ಹೊರಟ ಮನುಷ್ಯರ ಹಡಗುಗಳು ಎರಡು ಸೂರ್ಯರಿರುವ ಮರಳುಗಾಡಿನ ಗ್ರಹವೊಂದಕ್ಕೆ ಬಿದ್ದಿವೆ. ಆನಿಮೆಯಲ್ಲಿ ಈ ಗ್ರಹದ ಹೆಸರು ಗನ್‌ಸ್ಮೋಕ್, ಮಾಂಗಾದಲ್ಲಿ ನೋ ಮ್ಯಾನ್ಸ್ ಲ್ಯಾಂಡ್. ಬದುಕಿ ಉಳಿದವರು ಹಡಗಿನ ಜೊತೆ ಬಂದ ‘ಪ್ಲಾಂಟ್’ಗಳ ಸುತ್ತ ಊರು ಕಟ್ಟಿಕೊಂಡಿದ್ದಾರೆ. ಪ್ಲಾಂಟ್ ಅಂದರೆ ಗಿಡವಲ್ಲ. ದೈತ್ಯ ವಿದ್ಯುತ್ ಬಲ್ಬಿನ ಹಾಗೆ ಕಾಣುವ ಗಾಜಿನ ಬುರುಡೆ, ಅದರೊಳಗೆ ಒಂದು ಜೀವ. ನೀರು, ವಿದ್ಯುತ್ತು ಎಲ್ಲದಕ್ಕೂ ಅದೇ ಗತಿ. ಊರಿಗೊಂದೇ ಬೋರ್‌ವೆಲ್ ಇರುವ ಬಯಲುಸೀಮೆಯ ಹಳ್ಳಿ ಊಹಿಸಿಕೊಳ್ಳಿ. ಬೋರು ಬತ್ತಿದರೆ ಊರು ಖಾಲಿ. ಇಲ್ಲಿ ಆ ಬೋರ್‌ವೆಲ್ಲಿಗೆ ಜೀವವಿದೆ, ನೋವೂ ಇದೆ.

ಇಂಥ ಗ್ರಹದಲ್ಲಿ ಅಲೆಯುವವನು ವ್ಯಾಶ್ ದಿ ಸ್ಟಾಂಪೀಡ್. ಕೆಂಪು ಉದ್ದ ಕೋಟು, ನಿಮಿರಿ ನಿಂತ ಹೊಂಬಣ್ಣದ ಕೂದಲು, ಹಳದಿ ಛಾಯೆಯ ಕನ್ನಡಕ, ಡೋನಟ್ ಅಂದರೆ ಪ್ರಾಣ. ಅವನ ತಲೆಗೆ 6,000 ಕೋಟಿ ಡಬಲ್ ಡಾಲರ್ ಬೆಲೆ. ಗಬ್ಬರ್‌ಗೆ ಇದ್ದದ್ದು ಐವತ್ತು ಸಾವಿರ ರೂಪಾಯಿ. ಒಂದು ಇಡೀ ನಗರವನ್ನು ನಾಶ ಮಾಡಿದ ಆರೋಪ ವ್ಯಾಶ್ ಮೇಲಿದೆ. ಆದರೆ ಅವನು ಯಾರನ್ನೂ ಕೊಲ್ಲುವುದಿಲ್ಲ, ಕೊಲ್ಲಲು ಬಂದವನನ್ನೂ ಕೊಲ್ಲುವುದಿಲ್ಲ. ಬೆಟ್ಟದಷ್ಟು ಬೆಲೆಗೆ ಆಸೆಪಟ್ಟು ಬಂದವರು ತಾವೇ ಊರು ಧ್ವಂಸ ಮಾಡುತ್ತಾರೆ, ಹೆಸರು ಇವನ ತಲೆಗೆ ಕಟ್ಟುತ್ತಾರೆ.

ವಿಮಾ ಕಂಪನಿ ಕಥೆಯೊಳಗೆ ಬರುವುದು ಇಲ್ಲಿ. ಹೋದಲ್ಲೆಲ್ಲ ಕಟ್ಟಡ ಬಿದ್ದರೆ ಪರಿಹಾರ ಕೊಡಬೇಕಾದವರು ಯಾರು? ಬರ್ನಾರ್ಡೆಲ್ಲಿ ಎಂಬ ವಿಮಾ ಸಂಸ್ಥೆ ಮೆರಿಲ್ ಸ್ಟ್ರೈಫ್, ಮಿಲಿ ಥಾಂಪ್ಸನ್ ಎಂಬ ಇಬ್ಬರು ಹುಡುಗಿಯರನ್ನು ಅವನ ಹಿಂದೆ ಬಿಡುತ್ತದೆ. ಹೇಗಾದರೂ ಮಾಡಿ ಆ ಮನುಷ್ಯನನ್ನು ಸುಮ್ಮನಿರಿಸಿ, ಕ್ಲೇಮು ಕಡಿಮೆ ಮಾಡಿಸಿ ಎಂದು. ಕೊನೆಗೆ ವ್ಯಾಶ್‌ನನ್ನು ಮನುಷ್ಯರ ಲೆಕ್ಕದಿಂದ ತೆಗೆದು ನೈಸರ್ಗಿಕ ವಿಕೋಪದ ಪಟ್ಟಿಗೆ ಸೇರಿಸಲಾಗುತ್ತದೆ. ನೆರೆ, ಬರ, ಆಲಿಕಲ್ಲು, ವ್ಯಾಶ್. ಬೆಳೆ ವಿಮೆಗಾಗಿ ಅಲೆದ ಯಾರಿಗಾದರೂ ಈ ತಮಾಷೆಯ ಬಿಸಿ ತಟ್ಟದೆ ಇರದು.

ಇವರ ಜೊತೆಗೆ ನಿಕೋಲಸ್ ವುಲ್ಫ್‌ವುಡ್. ಪಾದ್ರಿ, ಸದಾ ಬಾಯಲ್ಲಿ ಸಿಗರೇಟು. ಬಟ್ಟೆ ಸುತ್ತಿದ ದೊಡ್ಡ ಶಿಲುಬೆಯೊಂದನ್ನು ಹೊತ್ತು ತಿರುಗುತ್ತಾನೆ. ಬಟ್ಟೆ ಬಿಚ್ಚಿದರೆ ಒಳಗಿರುವುದು ಮೆಷಿನ್‌ಗನ್. ಎದುರಾಳಿ ವ್ಯಾಶ್‌ನ ಅವಳಿ ಸಹೋದರ ನೈವ್ಸ್. ಅಣ್ಣತಮ್ಮಂದಿರಿಬ್ಬರೂ ಮನುಷ್ಯರಲ್ಲ, ಪ್ಲಾಂಟಿನ ಕುಲದವರು. ನಮ್ಮವರನ್ನು ಹೀರಿ ಬದುಕುವ ಮನುಷ್ಯರು ಅಳಿಯಲಿ ಎನ್ನುವುದು ನೈವ್ಸ್ ವಾದ. ಅವರೂ ಬದುಕಲಿ ಎನ್ನುವುದು ವ್ಯಾಶ್ ಹಟ. ಈ ಹಟ ಅವನಿಗೆ ಬಂದದ್ದು, ಹಡಗಿನಲ್ಲಿ ಇಬ್ಬರನ್ನೂ ಸಾಕಿದ ರೆಮ್ ಎಂಬ ಹೆಂಗಸಿನಿಂದ.

ಒಂದೇ ಪ್ರಸಂಗ, ಬೇರೆ ಬೇರೆ ಮೇಳ

ಯಕ್ಷಗಾನ ನೋಡುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪ್ರಸಂಗ ಒಂದೇ ಇದ್ದರೂ ತೆಂಕಿನವರು ಆಡಿದ್ದು ಒಂದು ಆಟ, ಬಡಗಿನವರು ಆಡಿದ್ದು ಇನ್ನೊಂದು. ಬಡಗು ನೋಡಿ ಬೆಳೆದವನಿಗೆ ತೆಂಕಿನ ಚೆಂಡೆ ಜೋರೆನಿಸುತ್ತದೆ. ಯಾವುದು ಸರಿ ಎಂದು ಕೇಳಿದರೆ ಇಬ್ಬರೂ ತಮ್ಮೂರಿನ ಬಯಲಾಟದತ್ತ ಕೈ ತೋರಿಸುತ್ತಾರೆ. ಟ್ರೈಗನ್‌ದೂ ಇದೇ ಸ್ಥಿತಿ. ಆದರೆ ಇಲ್ಲಿ ಪ್ರಸಂಗವೇ ಮಧ್ಯದಲ್ಲಿ ಒಮ್ಮೆ ನಿಂತುಹೋಗಿತ್ತು.

ಕರ್ತೃ ಯಾಸುಹಿರೊ ನೈಟೋ. 1967ರಲ್ಲಿ ಹುಟ್ಟಿದವರು. ಕಾಲೇಜು ಮುಗಿಸಿ ಅಪಾರ್ಟ್‌ಮೆಂಟ್ ಮಾರುವ ಕೆಲಸಕ್ಕೆ ಸೇರಿ, ಅದನ್ನು ಬಿಟ್ಟು ಚಿತ್ರಕ್ಕೆ ಕೂತರು. ಟ್ರೈಗನ್ 1995ರಲ್ಲಿ ‘ಶೋನೆನ್ ಕ್ಯಾಪ್ಟನ್’ ಎಂಬ ಮಾಸಪತ್ರಿಕೆಯಲ್ಲಿ ಶುರುವಾಯಿತು. ಶೋನೆನ್ ಅಂದರೆ ಹದಿಹರೆಯದ ಹುಡುಗರ ಓದು. ಎರಡು ವರ್ಷ ಆಗುವಷ್ಟರಲ್ಲಿ, 1997ರ ಆರಂಭದಲ್ಲಿ, ಪತ್ರಿಕೆಯೇ ಮುಚ್ಚಿತು. ಕಥೆ ನಡುದಾರಿಯಲ್ಲಿ ನಿಂತಿತು. ಅದೇ ವರ್ಷದ ಕೊನೆಗೆ ‘ಯಂಗ್ ಕಿಂಗ್ ಅವರ್ಸ್’ ಎಂಬ ಇನ್ನೊಂದು ಪತ್ರಿಕೆ ಕೈ ಹಿಡಿಯಿತು. ಇದು ಸ್ವಲ್ಪ ದೊಡ್ಡವರ ಪತ್ರಿಕೆ. ಬಾಲಮಂಗಳದಲ್ಲಿ ಆರಂಭವಾದ ಧಾರಾವಾಹಿ ಮಯೂರದಲ್ಲಿ ಮುಂದುವರಿದ ಹಾಗೆ, ಸುಮಾರಾಗಿ. ಹೆಸರು ‘ಟ್ರೈಗನ್ ಮ್ಯಾಕ್ಸಿಮಮ್’ ಎಂದಾಯಿತು, ರಕ್ತ ಹೆಚ್ಚಾಯಿತು, ನಗು ಕಡಿಮೆಯಾಯಿತು. 14 ಸಂಪುಟ ಬೆಳೆದು 2007ರಲ್ಲಿ ಮುಗಿಯಿತು. 2009ರಲ್ಲಿ ಜಪಾನಿನ ವಿಜ್ಞಾನ ಕಥಾ ಪ್ರಶಸ್ತಿಯಾದ ‘ಸೆಯುನ್’ ಕಾಮಿಕ್ಸ್ ವಿಭಾಗದಲ್ಲಿ ಇದಕ್ಕೇ ಬಂತು.

ಈಗ ಆನಿಮೆಯ ಇಸವಿ ನೋಡಿ. ಮ್ಯಾಡ್‌ಹೌಸ್ ಸ್ಟುಡಿಯೋ ಮಾಡಿದ, ಸತೋಶಿ ನಿಶಿಮುರಾ ನಿರ್ದೇಶಿಸಿದ 26 ಕಂತುಗಳು ಟಿ.ವಿ. ಟೋಕಿಯೋದಲ್ಲಿ ಬಂದದ್ದು 1998ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ. ಅಂದರೆ ಮಾಂಗಾ ಮುಗಿಯಲು ಇನ್ನೂ ಒಂಬತ್ತು ವರ್ಷ ಇತ್ತು. ಚಿತ್ರಕಥೆ ಬರೆದ ಯೋಸುಕೆ ಕುರೊಡಾ ಇಲ್ಲದ ದಾರಿಯನ್ನು ತಾವೇ ಹಾಕಿಕೊಂಡು ಹೋಗಬೇಕಾಯಿತು. ಹಾಗಾಗಿ ಆನಿಮೆಯ ಕೊನೆ ಬೇರೆ, ಮಾಂಗಾದ ಕೊನೆ ಬೇರೆ. ಇದನ್ನು ‘ಮೂಲಕ್ಕೆ ದ್ರೋಹ’ ಎನ್ನುವವರು ಒಂದು ಲೆಕ್ಕ ಮರೆಯುತ್ತಾರೆ. ಆಗ ದ್ರೋಹ ಮಾಡಲು ಪೂರ್ತಿ ಮೂಲವೇ ಇರಲಿಲ್ಲ.

ಇನ್ನೊಂದು ತಿರುವು ಅಮೆರಿಕದ್ದು. 2003ರಲ್ಲಿ ಅಲ್ಲಿನ ಕಾರ್ಟೂನ್ ನೆಟ್‌ವರ್ಕ್‌, ದೊಡ್ಡವರಿಗೆ ಮೀಸಲಿಟ್ಟ ‘ಅಡಲ್ಟ್ ಸ್ವಿಮ್’ ಎಂಬ ರಾತ್ರಿಯ ಹೊತ್ತಿನಲ್ಲಿ ಇದನ್ನು ಇಂಗ್ಲಿಷಿನಲ್ಲಿ ಹಾಕಿತು. ಕೌಬಾಯ್ ಅವರ ಮನೆಯ ಸರಕು. ಜಪಾನಿನ ಹೆಸರುಗಳೂ ಇಲ್ಲ, ಶಾಲೆಯ ಸಮವಸ್ತ್ರವೂ ಇಲ್ಲ. ಒಂದು ತಲೆಮಾರಿನ ಅಮೆರಿಕನ್ ಹುಡುಗರು ಆನಿಮೆ ಲೋಕಕ್ಕೆ ಕಾಲಿಟ್ಟ ಬಾಗಿಲುಗಳಲ್ಲಿ ಇದೂ ಒಂದಾಯಿತು. ಅದೇ ವರ್ಷ ಡಾರ್ಕ್ ಹಾರ್ಸ್ ಪ್ರಕಾಶನ ತಂದ ಇಂಗ್ಲಿಷ್ ಮಾಂಗಾದ ಮೊದಲ ಸಂಪುಟ 35,000 ಪ್ರತಿ ಅಚ್ಚಾಗಿ, ಬೇಗನೆ ಖರ್ಚಾಯಿತು. ಗಮನಿಸಿ, ಇವರೆಲ್ಲ ಮೊದಲು ಆನಿಮೆ ನೋಡಿ, ಆಮೇಲೆ ಮಾಂಗಾ ಕೈಗೆತ್ತಿಕೊಂಡವರು. ಓದಿ ನೋಡಿದವನಿಗೂ ನೋಡಿ ಓದಿದವನಿಗೂ ವ್ಯತ್ಯಾಸವಿದೆ.

ಮೊದಲ ತಕರಾರು: ಇದೇನು ಕೋಡಂಗಿಯಾಟ?

1998ರ ಆನಿಮೆ ಹಾಕಿದವರಲ್ಲಿ ಒಂದಷ್ಟು ಜನ ನಾಲ್ಕೈದು ಕಂತಿಗೇ ಎದ್ದು ಹೋಗುತ್ತಾರೆ. ಕಾರಣ ಕೇಳಿದರೆ ಒಂದೇ ಉತ್ತರ: ಬರೀ ತಮಾಷೆ. ವ್ಯಾಶ್ ಅರಚುತ್ತಾನೆ, ಮೂಗು ಸುರಿಸಿ ಅಳುತ್ತಾನೆ, ಹುಡುಗಿಯರ ಹಿಂದೆ ಬಿದ್ದು ಏಟು ತಿನ್ನುತ್ತಾನೆ, ಗುಂಡು ಹಾರುವಾಗ ಕಾಲು ಮಡಚಿ ವಿಚಿತ್ರವಾಗಿ ಜಿಗಿದು ತಪ್ಪಿಸಿಕೊಳ್ಳುತ್ತಾನೆ. ವಿಮೆಯ ಹುಡುಗಿಯರಿಗೇ ಹಲವು ಕಂತುಗಳವರೆಗೆ ನಂಬಿಕೆ ಬರುವುದಿಲ್ಲ, ಇವನೇ ಆ ಭಯಂಕರ ವ್ಯಾಶ್ ಎಂದು.

ಇದು ಬೇಕೆಂದೇ ಮಾಡಿದ್ದು. ಆಟದಲ್ಲಿ ಹಾಸ್ಯಗಾರ ಬೇರೆ, ಕಥಾನಾಯಕ ಬೇರೆ ಇರುತ್ತಾರೆ. ಇಲ್ಲಿ ಒಬ್ಬನೇ ಎರಡೂ ವೇಷ ಕಟ್ಟಿದ್ದಾನೆ. ಮತ್ತೊಮ್ಮೆ ನೋಡಿದಾಗ ಗೊತ್ತಾಗುತ್ತದೆ, ಎಡವಿ ಬಿದ್ದ ಹಾಗೆ ಕಂಡ ಪ್ರತಿ ಸಲವೂ ಯಾರದ್ದೋ ಪ್ರಾಣ ಉಳಿದಿರುತ್ತದೆ ಎಂದು. ಮೊದಲ ಸಲ ನೋಡುವಾಗ ನಾವೂ ಊರವರ ಹಾಗೆ ಅವನನ್ನು ದಡ್ಡ ಅಂದುಕೊಂಡಿರುತ್ತೇವೆ.

ಆಮೇಲೆ ಒಂದು ದೃಶ್ಯ ಬರುತ್ತದೆ. ವ್ಯಾಶ್ ಅಂಗಿ ತೆಗೆದಿದ್ದಾನೆ. ಮೈತುಂಬ ಗಾಯದ ಗುರುತು. ಹೊಲಿಗೆ, ಮಾಂಸ ಕಿತ್ತುಹೋದ ಗುಳಿ, ಚರ್ಮ ಹಿಡಿದಿಡಲು ಹಾಕಿದ ಲೋಹದ ತುಂಡು, ಎದೆಯ ಮೇಲೆ ಒಂದು ಜಾಲರಿ. ಎಡಗೈ ಕೃತಕ. ಯಾರನ್ನೂ ಕೊಲ್ಲದೆ ಬದುಕಿದ ವರ್ಷಗಳ ಜಮಾ ಖರ್ಚು ಅವನ ಮೈಮೇಲೇ ಬರೆದಿದೆ. ಹಾಸ್ಟೆಲಿನಲ್ಲಿ ಅವತ್ತು ರೂಮು ತುಂಬ ಹುಡುಗರಿದ್ದೆವು. ಅಷ್ಟು ಹೊತ್ತು ಗೇಲಿ ಮಾಡುತ್ತಿದ್ದವರೆಲ್ಲ ಒಮ್ಮೆಗೇ ಸುಮ್ಮನಾದದ್ದು ನನಗೆ ಚೆನ್ನಾಗಿ ನೆನಪಿದೆ.

ಎರಡನೇ ತಕರಾರು: ಕೊಲ್ಲದವನ ಮೇಲೆ ಕೋಪ

ಇದು ದೊಡ್ಡದು, ಮೂವತ್ತು ವರ್ಷವಾದರೂ ಮುಗಿಯದ್ದು. ವ್ಯಾಶ್ ಮಾಡುವುದು ಸರಿಯೇ? ಇವತ್ತು ಉಳಿಸಿದ ಕೊಲೆಗಾರ ನಾಳೆ ಇನ್ನೊಬ್ಬನನ್ನು ಕೊಂದರೆ ಆ ಪಾಪ ಯಾರದು? ನೋಡುಗರಲ್ಲಿ ಒಂದು ಪಕ್ಷ ಅವನನ್ನು ಸಂತ ಅನ್ನುತ್ತದೆ. ಇನ್ನೊಂದು ಪಕ್ಷಕ್ಕೆ ಅವನು ಕೈ ಕೊಳೆ ಮಾಡಿಕೊಳ್ಳಲು ಒಪ್ಪದ ಸ್ವಾರ್ಥಿ. ಸ್ವಾರಸ್ಯ ಎಂದರೆ ಈ ಎರಡನೇ ಪಕ್ಷದ ವಕೀಲ ಕಥೆಯೊಳಗೇ ಇದ್ದಾನೆ, ವುಲ್ಫ್‌ವುಡ್. ಅನಾಥ ಮಕ್ಕಳನ್ನು ಸಾಕಲು ಕೊಲೆ ಮಾಡುವ ಪಾದ್ರಿ. ತಡಮಾಡಿದರೆ ಅಮಾಯಕರು ಸಾಯುತ್ತಾರೆ, ಎಲ್ಲರನ್ನೂ ಉಳಿಸುತ್ತೇನೆ ಎಂದು ಕೂರಲು ನಾವು ದೇವರಲ್ಲ ಎನ್ನುವುದು ಅವನ ವಾದದ ಸಾರ.

ನಾವು ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರು. ಕೊಟ್ಟ ಮಾತಿಗೆ ಹಸು ಮರಳಿ ಬಂದಾಗ ಹುಲಿಯ ಮನಸ್ಸೇ ತಿರುಗಿತು, ತಿನ್ನಬೇಕಿದ್ದ ಹುಲಿ ತಾನೇ ಪ್ರಾಣ ಬಿಟ್ಟಿತು. ಒಳ್ಳೆಯತನಕ್ಕೆ ಎದುರಾಳಿ ಸೋಲುತ್ತಾನೆ ಎಂಬ ಭರವಸೆ ಅದರಲ್ಲಿದೆ. ಟ್ರೈಗನ್‌ನ ಮೊದಲರ್ಧವೂ ಹೆಚ್ಚು ಕಡಿಮೆ ಇದೇ ಭರವಸೆಯ ಮೇಲೆ ನಡೆಯುತ್ತದೆ. ಆಮೇಲೆ ಲೆಗಾಟೊ ಬರುತ್ತಾನೆ. ಅವನು ಮನಸ್ಸು ತಿರುಗದ ಹುಲಿ. ನೈವ್ಸ್‌ನ ಬಂಟ, ಬೇರೆಯವರ ಮೈಯನ್ನು ತನ್ನ ಇಚ್ಛೆಯಂತೆ ಆಡಿಸಬಲ್ಲವನು, ತನ್ನ ಪ್ರಾಣದ ಮೇಲೂ ಆಸೆಯಿಲ್ಲದವನು. ಆನಿಮೆಯ 24ನೇ ಕಂತಿನಲ್ಲಿ ಊರವರ ಕೈಗೆ ಬಂದೂಕು ಕೊಟ್ಟು ಮೆರಿಲ್ ಮತ್ತು ಮಿಲಿಯ ತಲೆಗೆ ಗುರಿಯಿಡಿಸುತ್ತಾನೆ. ನನ್ನನ್ನು ಕೊಲ್ಲು, ಇಲ್ಲವೇ ಅವರು ಸಾಯುತ್ತಾರೆ. ಅವನಿಗೆ ಬೇಕಿರುವುದು ಗೆಲುವಲ್ಲ. ವ್ಯಾಶ್‌ನ ಕೈಯಲ್ಲಿ ಒಂದು ಕೊಲೆ ಮಾಡಿಸಬೇಕು, ಅಷ್ಟೇ.

ವ್ಯಾಶ್ ಗುಂಡು ಹಾರಿಸುತ್ತಾನೆ.

ನೋಡುಗರು ಒಡೆಯುವುದು ಇಲ್ಲಿ. “ಕೊನೆಗೂ ಬುದ್ಧಿ ಬಂತು” ಎಂದು ನಿಟ್ಟುಸಿರಿಟ್ಟವರಿದ್ದಾರೆ. ಕಟ್ಟಿದ ಮನೆಯನ್ನು ಕಥೆಗಾರನೇ ಕೆಡವಿದ ಎಂದು ಸಿಟ್ಟಾದವರೂ ಇದ್ದಾರೆ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಮುಂದಿನ ಕಂತು ಪೂರ್ತಿ ಆ ಒಂದು ಗುಂಡಿನ ಸೂತಕ. ವ್ಯಾಶ್ ಜೀವ ಇದ್ದೂ ಇಲ್ಲದ ಹಾಗೆ ಮಲಗಿದ್ದಾನೆ, ಅವನ ಮೇಲೆ ಸೇಡಿಗೆ ಬಂದ ಗುಂಪಿನ ಬಂದೂಕುಗಳ ಮುಂದೆ ಮೆರಿಲ್ ಎರಡೂ ಕೈ ಚಾಚಿ ನಿಲ್ಲುತ್ತಾಳೆ. ಅವನ ಮಾತು ಅವಳ ಬಾಯಿಗೆ ಬಂದಿರುತ್ತದೆ. ಮಾಂಗಾದಲ್ಲೂ ವ್ಯಾಶ್ ಲೆಗಾಟೊನನ್ನು ಕೊಲ್ಲಬೇಕಾಗುತ್ತದೆ, ಸನ್ನಿವೇಶ ಮಾತ್ರ ಬೇರೆ. ಅಲ್ಲಿ ಅವನು ಉಳಿಸುವುದು ಒಂದು ಕಾಲದಲ್ಲಿ ಶತ್ರುವಾಗಿದ್ದವನ ಪ್ರಾಣವನ್ನು. ಹಾಗಾಗಿ ಓದುಗರ ಚರ್ಚೆಗೂ ನೋಡುಗರ ಚರ್ಚೆಗೂ ತಾಳ ಕೂಡುವುದಿಲ್ಲ. ಇಬ್ಬರೂ ಲೆಗಾಟೊ ಎನ್ನುತ್ತಾರೆ, ಇಬ್ಬರ ಕಣ್ಣ ಮುಂದಿರುವ ಚಿತ್ರ ಬೇರೆ.

ಒಂದು ಸಾವು, ಎರಡು ಜಾಗ

ಈ ವ್ಯತ್ಯಾಸ ಎಷ್ಟು ಆಳದ್ದು ಎಂದು ನೋಡಲು ವುಲ್ಫ್‌ವುಡ್‌ನ ಸಾವನ್ನೇ ತೆಗೆದುಕೊಳ್ಳಬಹುದು.

ಆನಿಮೆಯಲ್ಲಿ ಅದು 23ನೇ ಕಂತು. ತನ್ನನ್ನು ಕೊಲೆಗಾರನಾಗಿ ಬೆಳೆಸಿದ ಗುರುವೇ ಎದುರಾಗಿದ್ದಾನೆ. ವುಲ್ಫ್‌ವುಡ್ ಗೆಲ್ಲುತ್ತಾನೆ, ಆದರೆ ಕೊಲ್ಲುವುದಿಲ್ಲ. ವ್ಯಾಶ್‌ನ ಸಹವಾಸದ ಫಲ. ಮರುಗಳಿಗೆಯೇ ಲೆಗಾಟೊನ ಹಿಡಿತಕ್ಕೆ ಸಿಕ್ಕಿದ ಆ ಗುರುವಿನ ಕೈಯಿಂದ ಗುಂಡು ಹಾರುತ್ತದೆ. ವುಲ್ಫ್‌ವುಡ್ ತನ್ನ ಶಿಲುಬೆ ಎಳೆದುಕೊಂಡು ಚರ್ಚಿಗೆ ನಡೆಯುತ್ತಾನೆ. ಒಳಗೆ ಯಾರೂ ಇಲ್ಲ. ದೇವರ ಮುಂದೆ ಕೂತು, ಇಷ್ಟು ಬೇಗ ಸಾಯಲು ಮನಸ್ಸಿಲ್ಲ ಎಂದು ಹೇಳಿಕೊಳ್ಳುತ್ತಾನೆ. ಶಿಲುಬೆಗೆ ಒರಗಿದಲ್ಲೇ ಜೀವ ಹೋಗುತ್ತದೆ. ಒಂಟಿ.

ಮಾಂಗಾದಲ್ಲಿ ಅದು ‘ಮ್ಯಾಕ್ಸಿಮಮ್’ನ 10ನೇ ಸಂಪುಟ. ಜಾಗ ಅವನು ಬೆಳೆದ ಅನಾಥಾಲಯ. ಎದುರಾಳಿಯೂ ಅಲ್ಲೇ ಜೊತೆಗೆ ಬೆಳೆದವನು. ಗಾಯ ಬೇಗ ಮಾಯಿಸುವ ಔಷಧದ ಸೀಸೆಗಳನ್ನು ಮೈ ತಡೆಯಲಾರದಷ್ಟು ಕುಡಿದು ವುಲ್ಫ್‌ವುಡ್ ಕಾದಾಡಿದ್ದಾನೆ. ಎಲ್ಲ ಮುಗಿದ ಮೇಲೆ ಹೊರಗೆ ಬಯಲಲ್ಲಿ ಒಂದು ಸೋಫಾ. ಅದರ ಮೇಲೆ ವ್ಯಾಶ್ ಮತ್ತು ಅವನು ಅಕ್ಕಪಕ್ಕ ಕೂತು ಬಾಟಲಿ ಬಿಚ್ಚುತ್ತಾರೆ. ಇವನು ಉಳಿಯುವುದಿಲ್ಲ ಎಂದು ಇಬ್ಬರಿಗೂ ಗೊತ್ತು, ಇಬ್ಬರೂ ಅದನ್ನು ಆಡುವುದಿಲ್ಲ. ಮೇಲಿಂದ ಬಣ್ಣದ ಕಾಗದದ ಚೂರುಗಳು ಉದುರುತ್ತವೆ, ಅನಾಥಾಲಯದ ಮಕ್ಕಳು ಎರಚಿದ್ದು. ಮನೆಮಗ ಮನೆಗೆ ಬಂದ ಎಂದು.

ಮೊದಲನೆಯದರಲ್ಲಿ ದೇವರು ಸಾಕ್ಷಿ, ಎರಡನೆಯದರಲ್ಲಿ ಗೆಳೆಯ. ಚರ್ಚಿನ ದೃಶ್ಯ ನೋಡಿ ಅತ್ತವರಿಗೆ ಸೋಫಾ ತುಸು ಹೆಚ್ಚಾಯಿತು ಅನ್ನಿಸುತ್ತದೆ. ಸೋಫಾದ ಪುಟ ಓದಿದವರಿಗೆ, ಕಥೆಯ ಹೃದಯವನ್ನೇ ಆನಿಮೆಯವರು ಕೈಬಿಟ್ಟರು ಅನ್ನಿಸುತ್ತದೆ. ಆದರೆ ಆನಿಮೆಯವರು ಚರ್ಚು ಕಟ್ಟುವಾಗ ಆ ಸೋಫಾ ಇನ್ನೂ ಕಾಗದದ ಮೇಲೆ ಬಂದಿರಲಿಲ್ಲ. ನನ್ನ ಮತ ಕೇಳಿದರೆ, ಮೊದಲು ಕಂಡದ್ದು ಚರ್ಚು, ಹಾಗಾಗಿ ನನ್ನ ಮತಕ್ಕೆ ಹೆಚ್ಚು ಬೆಲೆ ಕೊಡಬೇಡಿ.

ಮಾಂಗಾದ ಮೇಲೂ ಒಂದು ಸಾಮಾನ್ಯ ದೂರಿದೆ, ಅದನ್ನೂ ಹೇಳಿಬಿಡಬೇಕು. ಹೊಡೆದಾಟದ ಪುಟಗಳು ಅರ್ಥವಾಗುವುದಿಲ್ಲ. ಯಾರ ಕೈ, ಯಾರ ಕಾಲು, ಗುಂಡು ಎಲ್ಲಿಂದ ಎಲ್ಲಿಗೆ ಹೋಯಿತು ತಿಳಿಯದೆ ಓದುಗರು ಒಂದೇ ಪುಟದಲ್ಲಿ ಎರಡು ಮೂರು ಸಲ ಸುತ್ತುತ್ತಾರೆ. ದೂರು ನ್ಯಾಯದ್ದೇ. ನೈಟೋ ಅವರ ಗೆರೆ ವೇಗದ್ದು, ಕಪ್ಪು ಜಾಸ್ತಿ, ಚೌಕಟ್ಟುಗಳು ಓರೆ.

2023: ಕೂದಲು, ಕಂಪ್ಯೂಟರು, ಕಾಣೆಯಾದ ಮಿಲಿ

2010ರಲ್ಲಿ ಒಂದು ಸಿನಿಮಾ ಬಂತು, ಹಳೆಯ ತಂಡದ್ದೇ, ಹಳೆಯ ಧಾಟಿಯದೇ. ಅದರ ಬಗ್ಗೆ ಯಾರೂ ಅಷ್ಟು ಕಾದಾಡಲಿಲ್ಲ. ಕಾದಾಟ ಶುರುವಾದದ್ದು 2023ರ ಜನವರಿಯಲ್ಲಿ ‘ಟ್ರೈಗನ್ ಸ್ಟಾಂಪೀಡ್’ ಬಂದಾಗ. ಸ್ಟುಡಿಯೋ ಆರೆಂಜ್, ನಿರ್ದೇಶಕ ಕೆಂಜಿ ಮುತೊ, 12 ಕಂತು, ಪೂರ್ತಿ ಕಂಪ್ಯೂಟರ್ ಆನಿಮೇಶನ್.

ಕಂಪ್ಯೂಟರ್ ಎಂದೊಡನೆ ಹಳಬರು ಮೂಗು ಮುರಿದದ್ದಕ್ಕೆ ಒಂದು ತಾಂತ್ರಿಕ ಕಾರಣವಿದೆ. 1998ರದ್ದು ಪಾರದರ್ಶಕ ಹಾಳೆಗಳ ಮೇಲೆ ಕೈಯಿಂದ ಬಣ್ಣ ತುಂಬಿದ್ದು. ವ್ಯಾಶ್ ಕೈ ಎತ್ತಬೇಕಾದರೆ ಕೈ ಎತ್ತಿದ ಒಂದೊಂದು ಹಂತವನ್ನೂ ಹೊಸದಾಗಿ ಬಿಡಿಸಬೇಕು. ತ್ರೀಡಿ ಅಂದರೆ ಗೊಂಬೆಯಾಟ. ಗೊಂಬೆಯನ್ನು ಒಂದು ಸಲ ಕಂಪ್ಯೂಟರಿನೊಳಗೆ ಕೆತ್ತಿ ಇಟ್ಟುಕೊಂಡು ಆಮೇಲೆ ಸೂತ್ರ ಎಳೆದು ಆಡಿಸುವುದು. ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ. ಕೈಚಿತ್ರದ ಜಪಾನಿ ಆನಿಮೆ ಅಷ್ಟಕ್ಕೂ ಹೊಸ ಚಿತ್ರ ಬಿಡಿಸುವುದಿಲ್ಲ, ಸಾಮಾನ್ಯವಾಗಿ 8 ಅಥವಾ 12ರಲ್ಲಿ ಸುಧಾರಿಸುತ್ತದೆ. ನಮ್ಮ ಕಣ್ಣು ಆ ಸಣ್ಣ ಜರ್ಕಿಗೆ ಒಗ್ಗಿಹೋಗಿದೆ. ಕಂಪ್ಯೂಟರಿನ ಗೊಂಬೆ 24ಕ್ಕೂ ಮಿಸುಕಿದರೆ ಎಣ್ಣೆಯ ಮೇಲೆ ಜಾರಿದ ಹಾಗೆ ಕಾಣುತ್ತದೆ. ಅದಕ್ಕೇ ಜಪಾನಿನ ತ್ರೀಡಿ ಸ್ಟುಡಿಯೋಗಳು ಎಷ್ಟೋ ಕಡೆ ಬೇಕೆಂದೇ ಚೌಕಟ್ಟು ಕಡಿಮೆ ಮಾಡಿ, ಕೈಚಿತ್ರದ ನಡೆ ತರುತ್ತವೆ. ಸ್ಟಾಂಪೀಡ್ ಬಂದ ಕೆಲವೇ ವಾರಗಳಲ್ಲಿ ಈ ಗಲಾಟೆ ಬಹುಮಟ್ಟಿಗೆ ತಣ್ಣಗಾಯಿತು. ಮುಖದ ಮೇಲೆ ಹಾದುಹೋಗುವ ಸಣ್ಣ ಭಾವ, ಕ್ಯಾಮೆರಾ ಸುತ್ತಿ ಬರುವ ಹೊಡೆದಾಟ ನೋಡಿ, ಬೈಯಲು ಬಂದವರಲ್ಲಿ ಅನೇಕರು ಕೂತು ನೋಡಿದರು.

ಕೂದಲಿನ ಕಥೆ ಇನ್ನೂ ಮಜಾ. ಹೊಸ ವ್ಯಾಶ್‌ನ ಮೊದಲ ಚಿತ್ರ ಹೊರಬಂದಾಗ, ನಿಮಿರಿ ನಿಂತಿದ್ದ ಕೂದಲು ಮೆತ್ತಗೆ ಕೆದರಿಕೊಂಡಿದ್ದಕ್ಕೇ ರಂಪವಾಯಿತು. ಹನ್ನೆರಡು ಕಂತು ಮುಗಿದ ಮೇಲೆ ಗೊತ್ತಾಯಿತು, ಇದು ಹಳೆಯ ಕಥೆಯ ಮರುಪ್ರಯೋಗವಲ್ಲ, ಅದರ ಹಿಂದಿನ ಕಥೆ ಎಂದು. ಜುಲೈ ಎಂಬ ನಗರದ ನಾಶ ಮಾಂಗಾ ತೆರೆಯುವ ಹೊತ್ತಿಗೇ ಹಳೆಯ ಸುದ್ದಿ. ಸ್ಟಾಂಪೀಡ್ ಮುಗಿಯುವುದು ಆ ನಾಶದಲ್ಲಿ. ಅಂದರೆ ನಾವು ನೋಡಿದ್ದು, ದಂತಕಥೆಯಾಗುವ ಮೊದಲಿನ ವ್ಯಾಶ್‌ನನ್ನು. ತಲೆಬೆಲೆ ಇನ್ನೂ ಅಷ್ಟು ಏರಿಲ್ಲ, ಕೂದಲೂ ಎದ್ದಿಲ್ಲ.

ಆದರೆ ಈ ಸಮಜಾಯಿಷಿಗೆ ಬಗ್ಗದ ಒಂದು ದೂರಿತ್ತು. ಮಿಲಿ ಎಲ್ಲಿ? ಹಳೆಯದರಲ್ಲಿ ಆಳೆತ್ತರದ, ಮಗುವಿನ ಮನಸ್ಸಿನ, ಆದರೆ ಎಲ್ಲರಿಗಿಂತ ಮೊದಲು ಮನುಷ್ಯರನ್ನು ಅರ್ಥಮಾಡಿಕೊಳ್ಳುವ ಹುಡುಗಿ ಅವಳು. ಸ್ಟಾಂಪೀಡ್‌ನಲ್ಲಿ ಕೊನೆಯ ಗಳಿಗೆಯವರೆಗೂ ಅವಳ ಸುಳಿವಿಲ್ಲ. ವಿಮಾ ಕಂಪನಿ ಸುದ್ದಿಸಂಸ್ಥೆಯಾಗಿದೆ, ಮೆರಿಲ್ ಹೊಸದಾಗಿ ಸೇರಿದ ವರದಿಗಾರ್ತಿ, ಜೊತೆಗಿರುವವನು ರಾಬರ್ಟೊ ಎಂಬ ಕುಡುಕ ಹಿರಿಯ ಪತ್ರಕರ್ತ. ಬರೀ ಪಾತ್ರ ಹೋದದ್ದಲ್ಲ, ಅವಳ ಜೊತೆಗೆ ನಗುವೂ ಹೋಯಿತು ಎಂದು ಹಳಬರು ಗೊಣಗಿದರು. ಹಳೆಯದು ನಗಿಸಿ ನಗಿಸಿ ಕೊನೆಗೆ ಅಳಿಸುತ್ತಿತ್ತು. ಹೊಸದು ಮೊದಲ ಕಂತಿನಲ್ಲೇ ಹಡಗು ಬೀಳಿಸಿ, ನೈವ್ಸ್‌ನನ್ನು ತೋರಿಸಿ, ಗುಟ್ಟು ಬಿಟ್ಟುಕೊಡುತ್ತದೆ. ಇದರಿಂದ ಕಳೆದುಕೊಂಡದ್ದು ಆ ನಿಧಾನದ ಬೆರಗು. ಸಿಕ್ಕಿದ್ದು ಅಣ್ಣತಮ್ಮಂದಿರ ಕಥೆಗೆ ಮೊದಲಿನಿಂದಲೇ ಒಂದು ಬಿಗಿ. ಅಕ್ಕನ ಮಗನ ವಯಸ್ಸಿನವರಿಗೆ ಇದು ಹಿಡಿಸಿತು. ಅವರಲ್ಲಿ ಎಷ್ಟೋ ಮಂದಿ ಅಲ್ಲಿಂದ ಹಿಂದಕ್ಕೆ ಹೋಗಿ ಮಾಂಗಾ ಹುಡುಕಿ ಓದಿದರು.

ಹಳಬರನ್ನೂ ಹೊಸಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದ್ದು ಒಂದು ದನಿ. 1998ರ ಆನಿಮೆಯ ಇಂಗ್ಲಿಷ್ ಆವೃತ್ತಿಯಲ್ಲಿ ವ್ಯಾಶ್‌ಗೆ ಕಂಠ ಕೊಟ್ಟಿದ್ದ ಜಾನಿ ಯಾಂಗ್ ಬಾಷ್, ಸ್ಟಾಂಪೀಡ್‌ನ ಇಂಗ್ಲಿಷಿಗೂ ಬಂದರು. ಜಪಾನಿಯಲ್ಲಿ ದನಿ ಬದಲಾಯಿತು: ಆಗ ಮಸಾಯಾ ಒನೊಸಾಕಾ, ಈಗ ಯೋಶಿತ್ಸುಗು ಮತ್ಸುಒಕಾ.

ಸ್ಟಾರ್‌ಗೇಜ್ ಈ ಸ್ಟಾಂಪೀಡ್‌ನ ಮುಂದುವರಿಕೆ, ಮುಕ್ತಾಯದ ಭಾಗ ಎಂದೇ ಘೋಷಿಸಿದ್ದು. ಮಿಲಿ ಬಂದಳು, ಕೂದಲೂ ಎದ್ದಿತು. ಈಗ ತಕರಾರು ಏನೆಂದರೆ, ಇವಳು ನಮ್ಮ ಮಿಲಿಯ ಹಾಗಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡುವುದು?

ಕೇಳುವವರಿಗೆ ನಾನು ಹೇಳುವುದಿಷ್ಟು. ನಿಧಾನಕ್ಕೆ ಕಾಯುವ ತಾಳ್ಮೆ ಇದ್ದರೆ 1998ರದ್ದು. ಐದು ಕಂತಿಗೆ ಎದ್ದು ಹೋಗಬೇಡಿ, ಹನ್ನೆರಡರವರೆಗೆ ಕೂರಿ, ಕಥೆಯ ಬಣ್ಣ ಬದಲಾಗುವುದು ಅಲ್ಲಿಂದಾಚೆಗೆ. ಹಳೆಯ ಚಿತ್ರ ನೋಡಿದರೆ ನಿದ್ದೆ ಬರುತ್ತದೆ ಎನ್ನುವವರು ಸ್ಟಾಂಪೀಡ್ ಹಾಕಿಕೊಳ್ಳಲಿ, ಅದಕ್ಕೆ ಹಿಂದಿನದು ಯಾವುದೂ ಗೊತ್ತಿರಬೇಕಿಲ್ಲ. ನೈಟೋ ಸ್ವತಃ ಹೇಳಿದ ಪೂರ್ತಿ ಕಥೆ ಬೇಕೆಂದರೆ ಮಾಂಗಾ ಬಿಟ್ಟು ಬೇರೆ ದಾರಿಯಿಲ್ಲ. ‘ಟ್ರೈಗನ್’ ಮೊದಲು, ‘ಮ್ಯಾಕ್ಸಿಮಮ್’ ಆಮೇಲೆ. ಹೊಡೆದಾಟದ ಪುಟದಲ್ಲಿ ದಾರಿ ತಪ್ಪಿದರೆ ಸುಮ್ಮನೆ ಮುಂದಿನ ಪುಟಕ್ಕೆ ಹೋಗಿ, ಯಾರು ನಿಂತಿದ್ದಾರೆ ಯಾರು ಬಿದ್ದಿದ್ದಾರೆ ನೋಡಿಕೊಂಡು ವಾಪಸ್ ಬನ್ನಿ.

ಅಕ್ಕನ ಮಗ ಹೊರಡುವ ಹಿಂದಿನ ರಾತ್ರಿ ನನ್ನ ಒತ್ತಾಯಕ್ಕೆ ಹಳೆಯದರ 23ನೇ ಕಂತು ನೋಡಿದ. ಚಿತ್ರದ ಗೆರೆ ನೋಡಿ ಮೊದಲು ನಕ್ಕ. ಚರ್ಚಿನ ಹೊತ್ತಿಗೆ ಫೋನು ಬೋರಲು ಹಾಕಿದ್ದ. ಮುಗಿದ ಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಎದ್ದು ಹೋಗಿ ನೀರು ಕುಡಿದು ಬಂದು ಬಾಗಿಲಲ್ಲಿ ನಿಂತ.

“ಚೆನ್ನಾಗಿದೆ. ಆದ್ರೂ ಸೋಫಾ ಇರ್ಬೇಕಿತ್ತು, ಮಾಮ.”